ಬಲಗಾವಲಿನ ಲೇಸು

ನಮ್ಮೂರಿನಲ್ಲಿ ಯಾರೂ ತಮ್ಮ ಬೂಟಿನ ಲೇಸನ್ನು ತಾವೇ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಂಡರೂ ನಿಲ್ಲುವುದಿಲ್ಲ. ಎರಡು ಗಂಟು ಹಾಕಿ, ಮೂರು ಗಂಟು ಹಾಕಿ, ಏಳನೆಯ ಹೆಜ್ಜೆಗೆ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಪರವೂರಿನ ಬಳೆಗಾರನೊಬ್ಬ ಇದನ್ನು ನಂಬದೆ, ನಮ್ಮೆಲ್ಲರ ಮುಂದೆ ಕೂತು ತನ್ನ ಬೂಟಿಗೆ ತಾನೇ ಗಂಟು ಬಿಗಿದು, ಮೀಸೆ ತಿರುವಿಕೊಂಡು ಹೊರಟ. ಏಳನೆಯ ಹೆಜ್ಜೆಗೆ ಅವನೂ ಅವನ ಬಳೆಗಳೂ ಒಟ್ಟಿಗೆ ನೆಲ ಸೇರಿದವು. ಚೂರುಗಳನ್ನು ಆರಿಸಿಕೊಡಲು ಊರಿಗೆ ಊರೇ ಬಗ್ಗಿತ್ತು.

ಬೇರೆ ದಿನಗಳಲ್ಲಿ ಯಾರ ಲೇಸನ್ನು ಯಾರು ಕಟ್ಟಿದರೂ ನಡೆಯುತ್ತದೆ. ಆಟದ ದಿನ ಮಾತ್ರ ಹಾಗಲ್ಲ. ಆಟದ ದಿನ ನೀನು ಯಾವ ಜಾಗದಲ್ಲಿ ಆಡುತ್ತೀಯೋ ಅದೇ ಜಾಗಕ್ಕೆ ಆಸೆಪಟ್ಟವಳು, ಆ ಜಾಗ ಸಿಗದೆ ಹೋದವಳು, ನಿನ್ನ ಮುಂದೆ ಮಂಡಿಯೂರಿ ಕಟ್ಟಬೇಕು. ಅವಳು ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಅದೂ ಅವಳ ಕೈ ಪೂರ್ತಿ ಬಂದರೆ ಮಾತ್ರ. ಕೈ ಪೂರ್ತಿ ಬರುವುದೆಂದರೆ ಏನೆಂದು ನಮಗೆ ಗೊತ್ತಿದೆ ಎಂದುಕೊಂಡಿದ್ದೆವು. ಹೊಟ್ಟೆಕಿಚ್ಚು ಇರಬಾರದು, ಅಷ್ಟೇ ಎಂದುಕೊಂಡಿದ್ದೆವು. 'ಲೇಸು ಬಯಸಿ ಕಟ್ಟಿದ ಲೇಸು ಬಿಚ್ಚದು' ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ನಾವು ಅದನ್ನು ಕೇಳಿಕೊಂಡೇ ಬೆಳೆದಿದ್ದೆವು.

ನಾನು ನಮ್ಮ ಕಾಲ್ಚೆಂಡು ಕ್ಲಬ್ಬಿನ ಎಡಗಾವಲು. ಅಂದರೆ ನಮ್ಮ ಗೋಲಿನ ಎಡಬದಿಯನ್ನು ಕಾಯುವವಳು. ನನ್ನ ಜಾಗದ ಬಗ್ಗೆ ಊರಿನಲ್ಲಿ ಯಾವತ್ತೂ ಯಾರೂ ಜಗಳ ಆಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಹೊರಟಿರುವುದು ಬಲಗಾವಲಿನ ಕಥೆ. ಪರವೂರಿನವರು ಅದನ್ನು ರೈಟ್ ಬ್ಯಾಕ್ ಎನ್ನುತ್ತಾರೆ.

ಹೊಳೆಯ ಉದ್ದಕ್ಕೂ ಏಳು ಊರುಗಳು, ಏಳು ಊರಿಗೂ ಒಂದೊಂದು ಕ್ಲಬ್ಬು, ಏಳು ಕ್ಲಬ್ಬಿಗೂ ಸೇರಿ ಒಂದೇ ನಗಾರಿ. ಗೆದ್ದ ಊರಿನಲ್ಲಿ ನಗಾರಿ ಇರುತ್ತದೆ. ನಗಾರಿ ಇರುವ ಊರಿನಲ್ಲಿ ಮಾತ್ರ ಮದುವೆಗೆ ಸದ್ದು, ಸುಗ್ಗಿಗೆ ಸದ್ದು, ಮಗು ಹುಟ್ಟಿದರೆ ಸದ್ದು. ಉಳಿದ ಊರುಗಳಲ್ಲಿ ಬರೀ ಮಾತು. ಮೂರು ವರ್ಷದಿಂದ ನಗಾರಿ ಹೊಳೆಯಾಚೆಯ ಊರಿನಲ್ಲಿತ್ತು. ಮೂರು ವರ್ಷದಿಂದ ನಮ್ಮೂರಿನ ಮದುವೆಗಳು ಸದ್ದಿಲ್ಲದೆ ನಡೆದವು. ಒಂದು ಜೋಡಿಯಂತೂ ನಗಾರಿ ಬರುವವರೆಗೂ ತಾಳಿ ಬೇಡವೆಂದು ಕಾದು ಕೂತಿತ್ತು. ಮದುಮಗನ ಕಿವಿಯ ಹತ್ತಿರ ಕೂದಲು ನರೆಯತೊಡಗಿತ್ತು.

ಕಳೆದ ಎರಡು ವರ್ಷವೂ ಕೊನೆಯ ಆಟದಲ್ಲಿ ನಾವು ಅವರಿಗೆ ಸೋತಿರಲಿಲ್ಲ. ಎರಡು ಸಲವೂ ಯಾರೂ ಗೋಲು ಹೊಡೆಯದೆ ಆಟ ಸಮವಾಗಿತ್ತು. ಸಮವಾದರೆ ನಗಾರಿ ಇದ್ದಲ್ಲಿಯೇ ಇರುತ್ತದೆ.

ನಾವು ಸೋಲದಿರಲು ಕಾರಣ ಕಾವಲಕ್ಕ. ಒಂಬತ್ತು ವರ್ಷದಿಂದ ಅವಳೇ ನಮ್ಮ ಬಲಗಾವಲು. ಮೂವತ್ತೆರಡರ ಹೆಂಗಸು, ಅಗಲ ಹೆಗಲು, ಮಾತು ಕಡಿಮೆ. ಹೊಳೆಯಾಚೆಯವರಲ್ಲಿ ಎಡಗಾಲಿ ಎಂಬೊಬ್ಬಳಿದ್ದಳು. ಎಡಗಾಲಿನಿಂದ ಆಡುತ್ತಾ ನೇರ ನಮ್ಮ ಬಲಬದಿಗೇ ನುಗ್ಗುವವಳು. ಉಳಿದ ಐದು ಊರಿನ ಬಲಗಾವಲಿನವರೂ ಅವಳ ಬೆನ್ನು ನೋಡಿದ್ದರು. ಕಾವಲಕ್ಕ ಒಬ್ಬಳೇ ಅವಳ ಮುಖ ನೋಡಿದ್ದಳು. ಒಂಬತ್ತು ವರ್ಷದಲ್ಲಿ ಎಡಗಾಲಿ ಅವಳನ್ನು ಒಮ್ಮೆಯೂ ದಾಟಿರಲಿಲ್ಲ.

ಆ ವರ್ಷ ಓಟಗಾತಿ ಬಂದಳು. ಇಪ್ಪತ್ತು ತುಂಬಿದ್ದ ಹುಡುಗಿ, ಸುಣ್ಣದ ಗೂಡಿನವರ ಮಗಳು. ಅವಳೂ ಬಲಗಾವಲೇ, ಆದರೆ ಕಾಯುತ್ತಾ ನಿಲ್ಲುವವಳಲ್ಲ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಬಲ ಅಂಚಿನ ಬಿಳಿ ಗೆರೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಓಡುತ್ತಿದ್ದಳು. ಗೆರೆಯ ಸುಣ್ಣ ಅವಳ ಹಿಂದೆ ಹೊಗೆಯ ಹಾಗೆ ಏಳುತ್ತಿತ್ತು.

ಊರು ಎರಡಾಯಿತು. ಕಾವಲಕ್ಕ ಬೇಕೆನ್ನುವವರು ಬಾಗಿಲಿಗೆ ಬಿಳಿ ಪಟ್ಟಿ ಕಟ್ಟಿದರು. ಓಟಗಾತಿ ಬೇಕೆನ್ನುವವರು ಕೆಂಪು ಪಟ್ಟಿ ಕಟ್ಟಿದರು. ಕ್ಷೌರಿಕ ಬಿಳಿ, ಅವನ ಪಕ್ಕದ ದರ್ಜಿ ಕೆಂಪು. ಇಬ್ಬರೂ ನಡುವಿನ ಗೋಡೆಗೆ ಮಾತಾಡುತ್ತಿದ್ದರು. ಹಿಟ್ಟಿನ ಗಿರಣಿಯಲ್ಲಿ ಬಿಳಿಯವರು ಒಂದು ಸಾಲು, ಕೆಂಪಿನವರು ಒಂದು ಸಾಲು. ನಮ್ಮ ಮನೆಯಲ್ಲಿ ಅಪ್ಪ ಬಿಳಿ, ಅವ್ವ ಕೆಂಪು. ಬಾಗಿಲಲ್ಲಿ ಎರಡೂ ಪಟ್ಟಿ ಗಾಳಿಗೆ ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು, ಅವರಿಬ್ಬರೂ ದಿನಾ ಬೆಳಿಗ್ಗೆ ಅದನ್ನು ಬಿಡಿಸುತ್ತಿದ್ದರು.

"ಸೋಲಬಾರದು ಅಂದ್ರೆ ಕಾವಲಕ್ಕ," ಎನ್ನುತ್ತಿದ್ದ ಅಪ್ಪ.

"ಗೆಲ್ಲಬೇಕು ಅಂದ್ರೆ ಓಟಗಾತಿ," ಎನ್ನುತ್ತಿದ್ದಳು ಅವ್ವ.

ಇಬ್ಬರ ಮಾತೂ ಸರಿಯಾಗಿದ್ದರಿಂದ ಜಗಳ ಮುಗಿಯುತ್ತಲೇ ಇರಲಿಲ್ಲ.

ಯಾರು ಆಡಬೇಕೆಂದು ತೀರ್ಮಾನಿಸುವವಳು ವಸ್ತಾದಮ್ಮ. ನಮಗೆಲ್ಲ ಆಟ ಕಲಿಸಿದವಳು ಅವಳೇ. ಒಂದು ಕಾಲು ಕುಂಟು, ಕೈಯಲ್ಲೊಂದು ಬಿದಿರಿನ ಕೋಲು, ಕಣ್ಣಿಗೆ ಬಿದ್ದದ್ದನ್ನು ಮರೆಯುವವಳಲ್ಲ. ಅವಳು ನಲವತ್ತು ದಿನ ಇಬ್ಬರನ್ನೂ ಒಂದೇ ಅಂಚಿನಲ್ಲಿ ಎದುರುಬದುರು ನಿಲ್ಲಿಸಿದಳು. ಒಂದು ದಿನ ಈಕೆ ನುಗ್ಗಬೇಕು, ಆಕೆ ತಡೆಯಬೇಕು. ಮಾರನೆಯ ದಿನ ಆಕೆ ನುಗ್ಗಬೇಕು, ಈಕೆ ತಡೆಯಬೇಕು. ನಲವತ್ತು ದಿನ ನಾವು ಬೇಲಿಯ ಮೇಲೆ ಕೂತು ನೋಡಿದೆವು. ನಲವತ್ತು ದಿನ ಆದ ಮೇಲೂ ಬೇಲಿಯ ಮೇಲೆ ಕೂತವರು ಎರಡು ಮಾತೇ ಆಡುತ್ತಿದ್ದರು.

ಆಟದ ಹಿಂದಿನ ಸಂಜೆ ವಸ್ತಾದಮ್ಮ ತಂಡದವರನ್ನೆಲ್ಲ ಕೂರಿಸಿಕೊಂಡು, ಇಬ್ಬರನ್ನೂ ಮುಂದೆ ಕರೆದಳು.

"ಕಾವಲಕ್ಕಾ, ನನ್ನ ಜಾಗದಲ್ಲಿ ನೀನಿದ್ದರೆ ನಾಳೆ ಯಾರ ಬೂಟು ಇಡ್ತಿದ್ದೆ?"

"ನನ್ನದು," ಎಂದಳು ಕಾವಲಕ್ಕ.

"ಯಾಕೆ?"

"ಎಡಗಾಲಿ ನನ್ನ ದಾಟಿಲ್ಲ. ನಾಳೇನೂ ದಾಟೋದಿಲ್ಲ."

ವಸ್ತಾದಮ್ಮ ಕೋಲನ್ನು ಇನ್ನೊಂದು ಬದಿಗೆ ತಿರುಗಿಸಿದಳು. "ನೀನು ಹೇಳು ಮಗಳೇ."

"ನನ್ನದೇ ಇಡ್ತಿದ್ದೆ," ಎಂದಳು ಓಟಗಾತಿ. ಅವಳ ಕಿವಿಗಳು ಕೆಂಪಾಗಿದ್ದವು, ದನಿ ಮಾತ್ರ ನಡುಗಲಿಲ್ಲ. "ಎರಡು ವರ್ಷ ಯಾರೂ ದಾಟಲಿಲ್ಲ ವಸ್ತಾದಮ್ಮಾ. ನಗಾರಿ ಬಂತಾ?"

ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಕಾವಲಕ್ಕ ಹುಡುಗಿಯತ್ತ ತಿರುಗಿ ನೋಡಲಿಲ್ಲ. ವಸ್ತಾದಮ್ಮ ನಕ್ಕಳು.

"ಯಾರಾದರೂ ಒಬ್ಬಳು 'ಅವಳದು ಇಡಿ' ಅಂದುಬಿಟ್ಟಿದ್ದರೆ ನನಗೆ ಸುಲಭ ಆಗ್ತಿತ್ತು. ಹೋಗಿ, ಊಟ ಮಾಡಿ ಮಲಗಿ."

ಆಟದ ಬೆಳಿಗ್ಗೆ ನಮ್ಮಲ್ಲಿ ಹೆಸರು ಕೂಗುವುದಿಲ್ಲ. ಕ್ಲಬ್ಬಿನ ಅಂಗಳದಲ್ಲಿ ಹನ್ನೊಂದು ಕಲ್ಲುಗಳಿವೆ. ಪ್ರತಿ ಕಲ್ಲೂ ಒಂದು ಜಾಗ. ವಸ್ತಾದಮ್ಮ ಬೂಟುಗಳ ಬುಟ್ಟಿ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆಯುತ್ತಾಳೆ. ಯಾರ ಬೂಟು ಕಲ್ಲೇರಿತೋ ಅವಳು ಕಲ್ಲಿನ ಮೇಲೆ ಕೂರುತ್ತಾಳೆ. ಯಾರದು ಏರಲಿಲ್ಲವೋ ಅವಳು ಕಲ್ಲಿನ ಮುಂದೆ ಮಂಡಿಯೂರುತ್ತಾಳೆ. ಒಮ್ಮೆ ಕೂತವಳು ಆಟ ಮುಗಿಯುವವರೆಗೂ ಆಡಬೇಕು. ನಡುವೆ ಬದಲಾಯಿಸುವಂತಿಲ್ಲ.

ಒಂದನೆಯ ಕಲ್ಲು, ಬೂಟು. ಎರಡನೆಯ ಕಲ್ಲನ್ನು ಅವಳು ದಾಟಿಹೋದಳು. ಬಲಗಾವಲಿನ ಕಲ್ಲು ಅದೇ. ಮೂರು, ನಾಲ್ಕು, ನನ್ನ ಐದು, ಆರು, ಹನ್ನೊಂದರವರೆಗೂ ಬೂಟುಗಳನ್ನು ಇಟ್ಟು ಮತ್ತೆ ಹಿಂದಕ್ಕೆ ಬಂದಳು. ಎರಡನೆಯ ಕಲ್ಲಿನ ಮುಂದೆ ನಿಂತಳು. ಬುಟ್ಟಿಯಲ್ಲಿ ಎರಡು ಜೊತೆ ಇದ್ದವು. ಒಂದು ಜೊತೆ ಹಳೆಯದು, ಎಣ್ಣೆ ಉಜ್ಜಿ ಉಜ್ಜಿ ಕಪ್ಪಾದದ್ದು. ಇನ್ನೊಂದರ ಹೊಲಿಗೆಯಲ್ಲಿ ಇನ್ನೂ ಸುಣ್ಣ ಹಿಡಿದಿತ್ತು.

ಸುಣ್ಣ ಹಿಡಿದದ್ದನ್ನು ಇಟ್ಟಳು.

ಕಾವಲಕ್ಕ ನಿಂತೇ ಇದ್ದಳು. ನಾನು ಐದನೆಯ ಕಲ್ಲಿನಿಂದ ನೋಡುತ್ತಿದ್ದೆ. ಅವಳು ಒಂದು ಸಲ ಉಸಿರು ತೆಗೆದುಕೊಂಡಳು. ಇನ್ನೊಂದು ಸಲ ತೆಗೆದುಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸುವ ಹೆಂಗಸಿನ ಹಾಗೆ ಅಂಗಿಯ ತುದಿಯನ್ನು ಒಳಗೆ ಸಿಗಿಸಿಕೊಂಡು ಮಂಡಿಯೂರಿದಳು. ಮೊದಲು ಎಡಗಾಲು, ಆಮೇಲೆ ಬಲಗಾಲು. ಗಂಟು ಅಷ್ಟು ಚೆಂದವಾಗಿ ಬಿತ್ತು ಎಂದರೆ ನನ್ನ ಲೇಸು ಕಟ್ಟುತ್ತಿದ್ದವಳು ತನ್ನ ಕೆಲಸ ಬಿಟ್ಟು ಅದನ್ನೇ ನೋಡಿದಳು.

"ಚೆನ್ನಾಗಿ ಆಡು," ಎಂದಳು ಕಾವಲಕ್ಕ.

"ಹೂಂ ಅಕ್ಕಾ," ಎಂದಳು ಓಟಗಾತಿ.

ಅಷ್ಟೇ ಮಾತು.

ಆಟ ನಡೆಯುವುದು ಹೊಳೆಯ ನಡುಗಡ್ಡೆಯಲ್ಲಿ. ಆಚೆ ದಡದಿಂದ ಒಂದು ಸೇತುವೆ, ಈಚೆ ದಡದಿಂದ ಒಂದು ಸೇತುವೆ. ಎರಡು ದಡದಲ್ಲೂ ಊರಿಗೆ ಊರೇ ನಿಂತಿತ್ತು. ಆಚೆ ಸೇತುವೆಯ ಬಾಯಲ್ಲಿ ನಗಾರಿಯನ್ನು ಎತ್ತರದ ಕಟ್ಟೆಯ ಮೇಲೆ ಇಟ್ಟಿದ್ದರು. ಅದರ ಚರ್ಮ ಬಿಸಿಲಿಗೆ ಹೊಳೆಯುತ್ತಿತ್ತು. ನಮ್ಮ ಕಡೆಯ ಮಕ್ಕಳು ಅದನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

ಹತ್ತನೆಯ ನಿಮಿಷಕ್ಕೆ ಓಟಗಾತಿಯ ಲೇಸು ಬಿಚ್ಚಿಕೊಂಡಿತು.

ಅವಳು ಅಂಚಿಗೆ ಓಡಿದಳು. ಕಾವಲಕ್ಕ ಗೆರೆಯ ಹೊರಗೆ ಮಂಡಿಯೂರಿ ಮತ್ತೆ ಕಟ್ಟಿದಳು. ಇಪ್ಪತ್ತನೆಯ ನಿಮಿಷಕ್ಕೆ ಮತ್ತೆ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು. ನಮ್ಮ ದಡದಲ್ಲಿ ಗುಸುಗುಸು ಎದ್ದಿತು. ಮೂರನೆಯ ಸಲ ಬಿಚ್ಚಿಕೊಂಡಾಗ ಚೆಂಡು ಎಡಗಾಲಿಯ ಹತ್ತಿರ ಇತ್ತು. ಓಟಗಾತಿ ಅಂಚಿಗೆ ಹೋಗಲಾರದೆ, ಲೇಸು ಎಳೆದುಕೊಂಡೇ ಎದುರು ನಿಂತಳು. ಎಡಗಾಲಿ ಬಲಕ್ಕೆ ಬಾಗಿದಳು. ಓಟಗಾತಿಯೂ ಆ ಕಡೆಗೇ ಹೋದಳು. ಎಡಗಾಲಿ ಎಡಕ್ಕೆ ಹೋಗಿಬಿಟ್ಟಿದ್ದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಬಲಬದಿಯಲ್ಲಿ ಅವಳ ಬೆನ್ನು ಕಂಡಿತು. ನಾನು ಆ ತುದಿಯಿಂದ ಅಡ್ಡ ಓಡಿ ಬರುವಷ್ಟರಲ್ಲಿ ಚೆಂಡು ನಮ್ಮ ಬಲೆಯಲ್ಲಿತ್ತು.

ಆಚೆ ದಡ ಕುಣಿಯಿತು. ಈಚೆ ದಡ ಕೂಗಿತು. ಕೂಗಿದ್ದು ಓಟಗಾತಿಯ ಮೇಲಲ್ಲ.

"ಹೊಟ್ಟೆಕಿಚ್ಚಿನವಳೇ! ಸರಿಯಾಗಿ ಕಟ್ಟು!"

"ಒಂಬತ್ತು ವರ್ಷ ಉಂಡ ಅನ್ನಕ್ಕೆ ಮಣ್ಣು ಹಾಕಿದಳು!"

ಬಿಳಿ ಪಟ್ಟಿ ಕಟ್ಟಿದ್ದವರೇ ಮೊದಲು ಕೂಗಿದರು. ಕೈಗೆ ಸುತ್ತಿಕೊಂಡಿದ್ದ ಬಿಳಿ ಪಟ್ಟಿಗಳನ್ನು ಬಿಚ್ಚಿ ಹೊಳೆಗೆ ಎಸೆದರು. ನಡುಗಡ್ಡೆಯ ಸುತ್ತ ಬಿಳಿ ಪಟ್ಟಿಗಳು ಸತ್ತ ಮೀನುಗಳ ಹಾಗೆ ತೇಲಿಹೋದವು. ಕಾವಲಕ್ಕ ಗೆರೆಯ ಹೊರಗೆ ಮಂಡಿಯೂರಿದವಳು ಹಾಗೆಯೇ ಇದ್ದು ಅವುಗಳನ್ನು ನೋಡಿದಳು.

ಅರ್ಧ ಆಟ ಮುಗಿದು ನಾವು ನೇರಳೆ ಮರದ ಕೆಳಗೆ ಸೇರಿದೆವು. ಓಟಗಾತಿ ನೀರು ಕುಡಿಯಲಿಲ್ಲ. ನೇರ ಕಾವಲಕ್ಕನ ಮುಂದೆ ಹೋಗಿ ನಿಂತಳು.

"ಅಕ್ಕಾ, ನನ್ನ ಮೇಲೆ ಕೋಪ ಇದ್ದರೆ ಕೆನ್ನೆಗೆ ಹೊಡೆದುಬಿಡು. ಲೇಸಿನಲ್ಲಿ ತೀರಿಸ್ಕೋಬೇಡ."

"ಕೋಪ ಇಲ್ಲ ಕಣೇ," ಎಂದಳು ಕಾವಲಕ್ಕ. "ನಮ್ಮವ್ವನಾಣೆ ಇಲ್ಲ. ನಾವು ಗೆಲ್ಲಬೇಕು ಅಂತಲೇ ಕಟ್ಟಿದೆ. ಮೂರು ಸಲಾನೂ ಹಾಗೇ ಕಟ್ಟಿದೆ."

"ಮತ್ತೆ ಯಾಕೆ ನಿಲ್ತಿಲ್ಲ?"

ಕಾವಲಕ್ಕನ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲವೆಂದು ಕಾಣುತ್ತಿತ್ತು. ವಸ್ತಾದಮ್ಮ ಕುಂಟುತ್ತಾ ಬಂದು ಅವಳ ಎದುರು ಕೂತಳು.

"ಕೋಪ ಇಲ್ಲ, ಒಪ್ಪಿದೆ," ಎಂದಳು ವಸ್ತಾದಮ್ಮ. "ಕೈಯಲ್ಲಿ ಇನ್ನೇನು ಉಳಿಸ್ಕೊಂಡಿದ್ದೀಯಾ?"

ಕಾವಲಕ್ಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು.

"ಎಡಗಾಲಿಯನ್ನ," ಎಂದಳು.

"ಅಂದರೆ?"

"ಅವಳು ಯಾವಾಗ ಯಾವ ಕಡೆ ತಿರುಗ್ತಾಳೆ ಅನ್ನೋದು ನನಗೊಬ್ಬಳಿಗೇ ಗೊತ್ತು. ಒಂಬತ್ತು ವರ್ಷ ನೋಡಿ ನೋಡಿ ಗೊತ್ತಾದದ್ದು. ಯಾರಿಗೂ ಹೇಳಿಲ್ಲ." ಅವಳ ದನಿ ಸಣ್ಣದಾಯಿತು. "ಈ ಹುಡುಗಿಗೆ ಕಾಲಿದೆ, ವಯಸ್ಸಿದೆ. ನನ್ನ ಹತ್ತಿರ ಇರೋದು ಅದೊಂದೇ. ಅದನ್ನೂ ಕೊಟ್ಟುಬಿಟ್ಟರೆ ನಾನು ಯಾರು ವಸ್ತಾದಮ್ಮಾ?"

ನೇರಳೆ ಮರದ ಕೆಳಗೆ ಇಪ್ಪತ್ತೆರಡು ಜನ ಹೆಂಗಸರಿದ್ದೆವು. ಹನ್ನೊಂದು ಜನ ಲೇಸು ಕಟ್ಟಿಸಿಕೊಂಡವರು, ಹನ್ನೊಂದು ಜನ ಕಟ್ಟಿದವರು. ಒಬ್ಬರೂ ತಲೆ ಎತ್ತಲಿಲ್ಲ. ನನ್ನ ಲೇಸು ಕಟ್ಟಿದವಳ ಕಡೆ ನೋಡಲು ನನಗೂ ಧೈರ್ಯ ಬರಲಿಲ್ಲ.

ಮಾತಾಡಿದವಳು ಓಟಗಾತಿ.

"ನಾನೂ ಕೇಳಲಿಲ್ಲ ಅಕ್ಕಾ," ಎಂದಳು. "ನಲವತ್ತು ದಿನ ನಿನ್ನ ಎದುರಿಗೇ ಇದ್ದೆ. ದಿನಾ ಕೇಳಬೇಕು ಅನ್ನಿಸ್ತಿತ್ತು. ಕೇಳಿದರೆ ನಿನಗಿಂತ ಕಡಿಮೆ ಅಂತ ನಾನೇ ಒಪ್ಪಿಕೊಂಡ ಹಾಗೆ ಆಗುತ್ತೆ ಅಂತ ಬಾಯಿ ಮುಚ್ಚಿಕೊಂಡೆ." ಅವಳು ನೆಲದ ಮೇಲೆ ಕೂತಳು. ಕಾಲು ಚಾಚಿದಳು. "ಈಗ ಕೇಳ್ತಿದ್ದೀನಿ. ಅವಳನ್ನ ಹೇಗೆ ತಡೆಯೋದು?"

ಕಾವಲಕ್ಕ ಅವಳನ್ನೇ ನೋಡಿದಳು. ಆಮೇಲೆ ಲೇಸಿಗೆ ಕೈ ಹಾಕಿದಳು. ಕಟ್ಟುತ್ತಾ ಹೇಳಿದಳು, ಹೇಳುತ್ತಾ ಕಟ್ಟಿದಳು.

"ಅವಳ ಕಣ್ಣು ನೋಡಬೇಡ, ಸುಳ್ಳು ಹೇಳುತ್ತೆ. ಹೆಗಲು ನೋಡಬೇಡ, ಅದೂ ಸುಳ್ಳೇ. ಎಡಗೈ ನೋಡು. ಒಳಗೆ ತಿರುಗೋ ಮುಂಚೆ ಎಡಗೈ ಮುಷ್ಟಿ ಆಗುತ್ತೆ. ಹೊರಗೆ, ಗೆರೆ ಕಡೆ ಹೋಗೋದಾದರೆ ಬೆರಳು ಬಿಚ್ಚಿರುತ್ತೆ. ಅವಳಿಗೇ ಅದು ಗೊತ್ತಿಲ್ಲ."

ಎಡಗಾಲಿನ ಗಂಟು ಬಿತ್ತು.

"ಕೈ ಕಾಣದೆ ಹೋದರೆ ಹೆಜ್ಜೆ ಎಣಿಸು. ತಿರುಗೋ ಮುಂಚೆ ಒಂದು ಹೆಜ್ಜೆ ಗಿಡ್ಡ ಹಾಕ್ತಾಳೆ. ಆ ಗಿಡ್ಡ ಹೆಜ್ಜೆ ನೆಲಕ್ಕೆ ತಾಗೋ ಹೊತ್ತಿಗೆ ನಿನ್ನ ಕಾಲು ಚೆಂಡಿನ ಮೇಲಿರಬೇಕು."

ಬಲಗಾಲಿನ ಲೇಸನ್ನು ಕೈಗೆ ತೆಗೆದುಕೊಂಡವಳು ನಿಲ್ಲಿಸಿದಳು. ಮುಂದಿನದು ಹೇಳುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತೆಂದು ನಮಗೆ ಕಂಡಿತು.

"ಇನ್ನೊಂದಿದೆ. ಚೆಂಡು ಕಳಕೊಂಡರೆ ಅವಳು ಹಿಂದಕ್ಕೆ ಓಡೋದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಎರಡು ಉಸಿರು ನಿಂತುಬಿಡ್ತಾಳೆ. ಆ ಎರಡು ಉಸಿರು ಅವಳ ಹಿಂದಿನ ದಾರಿ ಪೂರ್ತಿ ಖಾಲಿ. ಈ ತುದಿಯಿಂದ ಆ ತುದಿವರೆಗೆ ಒಂದು ನರಪಿಳ್ಳೆಯೂ ಇರೋದಿಲ್ಲ. ಒಂಬತ್ತು ವರ್ಷ ಆ ಖಾಲಿ ದಾರಿ ನೋಡ್ತಾ ನಿಂತಿದ್ದೀನಿ ಕಣೇ. ಓಡೋಕೆ ನನಗೆ ಕಾಲು ಬರಲಿಲ್ಲ." ಅವಳು ಲೇಸನ್ನು ಜಗ್ಗಿ ಗಂಟು ಬಿಗಿದಳು. "ನೀನು ಓಡು."

ಗಂಟು ನೋಡಲು ಬೆಳಗಿನ ಗಂಟಿನ ಹಾಗೆಯೇ ಇತ್ತು. ಒಂದಿಷ್ಟೂ ಬೇರೆ ಇರಲಿಲ್ಲ.

ಮತ್ತೆ ಆಟ ಶುರುವಾಯಿತು. ಹತ್ತು ನಿಮಿಷ ಕಳೆಯಿತು, ಲೇಸು ನಿಂತಿತು. ಇಪ್ಪತ್ತು ನಿಮಿಷ ಕಳೆಯಿತು, ಲೇಸು ನಿಂತಿತು. ಎಡಗಾಲಿ ನುಗ್ಗಿದಳು. ಬೆರಳು ಬಿಚ್ಚಿತ್ತು, ಓಟಗಾತಿ ಹೊರಬದಿ ಮುಚ್ಚಿದಳು. ಎಡಗಾಲಿ ಮತ್ತೆ ನುಗ್ಗಿದಳು. ಮುಷ್ಟಿ ಬಿಗಿಯಿತು; ಓಟಗಾತಿ ಒಳಬದಿಗೆ ಕಾಲಿಟ್ಟು ಚೆಂಡನ್ನು ಕಿತ್ತುಕೊಂಡಳು. ಎಡಗಾಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈಗ!" ಎಂದು ಗೆರೆಯಾಚೆಯಿಂದ ಕೂಗಿದಳು ಕಾವಲಕ್ಕ.

ಒಂದು ಉಸಿರು. ಓಟಗಾತಿ ಹೊರಟಳು. ಎರಡು ಉಸಿರು. ನಡುಗೆರೆ ದಾಟಿದಳು. ದಾರಿ ಖಾಲಿ ಇತ್ತು, ಕಾವಲಕ್ಕ ಹೇಳಿದಷ್ಟೇ ಖಾಲಿ ಇತ್ತು. ಬಿಳಿ ಗೆರೆಯ ಒಳಗೆ ಓಟಗಾತಿ ಓಡುತ್ತಿದ್ದಳು. ಹೊರಗೆ ಅವಳ ಜೊತೆಜೊತೆಗೆ ಕಾವಲಕ್ಕ ಓಡುತ್ತಿದ್ದಳು, ಕೈಯೆತ್ತಿ, "ಹೋಗು! ಹೋಗು! ಹೋಗು!" ಎನ್ನುತ್ತಾ. ತುದಿ ತಲುಪಿದ ಓಟಗಾತಿ ಚೆಂಡನ್ನು ಎತ್ತರಕ್ಕೆ ಅಡ್ಡ ಹೊಡೆದಳು. ನಮ್ಮ ನಡುಪಡೆಯವಳು ನೆಗೆದು ಹಣೆ ಕೊಟ್ಟಳು. ಚೆಂಡು ಒಳಗೆ ಹೋಯಿತು.

ಈಗ ಇಬ್ಬರದೂ ಒಂದೊಂದು ಗೋಲು. ಆದರೆ ಸಮವಾದರೆ ನಗಾರಿ ಇದ್ದಲ್ಲಿಯೇ.

ಎಡಗಾಲಿ ಸಾಮಾನ್ಯದವಳಲ್ಲ. ತನ್ನ ಮೈಯಲ್ಲಿ ಏನೋ ಗುಟ್ಟು ಸೋರುತ್ತಿದೆಯೆಂದು ಅವಳಿಗೆ ಅನುಮಾನ ಬಂದಿತ್ತು. ಕೊನೆಯ ನಿಮಿಷಗಳಲ್ಲಿ ಚೆಂಡು ಹಿಡಿದು ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದಳು. ಹಾಗೆ ಓಡುವವರನ್ನು ನಾನು ನೋಡಿರಲಿಲ್ಲ. ಈಚೆ ದಡದ ಉಸಿರು ನಿಂತಿತು. ಓಟಗಾತಿಯ ಕಣ್ಣು ಅವಳ ಕೈ ಹುಡುಕಿ ತಡಬಡಿಸಿದ್ದನ್ನು ನಾನು ಆ ತುದಿಯಿಂದಲೇ ಕಂಡೆ.

"ಹೆಜ್ಜೆ!" ಕಾವಲಕ್ಕನ ದನಿ ಒಡೆದುಹೋಗಿತ್ತು. "ಹೆಜ್ಜೆ ನೋಡೇ!"

ಉದ್ದ ಹೆಜ್ಜೆ. ಉದ್ದ ಹೆಜ್ಜೆ. ಗಿಡ್ಡ ಹೆಜ್ಜೆ.

ಅದು ನೆಲಕ್ಕೆ ತಾಗುವ ಹೊತ್ತಿಗೆ ಓಟಗಾತಿಯ ಕಾಲು ಚೆಂಡಿನ ಮೇಲಿತ್ತು. ಈ ಸಲ ಯಾರೂ ಕೂಗಿ ಹೇಳಬೇಕಾಗಲಿಲ್ಲ. ಅವಳು ಹೊರಟಳು, ಸುಣ್ಣದ ಧೂಳು ಎದ್ದಿತು, ಗೆರೆಯಾಚೆ ಕಾವಲಕ್ಕ ಹೊರಟಳು. ಹೊಳೆಯಾಚೆಯವರು ಈ ಸಲ ಎಚ್ಚರವಾಗಿದ್ದರು. ಅವಳು ಅಡ್ಡ ಹೊಡೆಯುತ್ತಾಳೆಂದು ನಡುವಿನಲ್ಲಿ ಮೂವರು ನೆಗೆಯಲು ಸಿದ್ಧರಾಗಿ ನಿಂತರು. ನಾನೂ ಎಡದಿಂದ ಮುಂದೆ ಓಡಿದ್ದೆ, ಕೈಯೆತ್ತಿದ್ದೆ. ಚೆಂಡು ನನ್ನ ಕಡೆ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಓಟಗಾತಿ ಗೆರೆ ಬಿಟ್ಟು ಒಳಗೆ ತಿರುಗಿ ನೇರ ಗೋಲಿಗೇ ಹೊಡೆದಳು. ಚೆಂಡು ಕಂಬಕ್ಕೆ ಬಡಿಯಿತು. ಕಂಬ ಠಣ್ಣೆಂದಿತು. ಚೆಂಡು ಗೋಲಿನ ಗೆರೆಯ ಮೇಲೆ ಒಂದು ಕ್ಷಣ ಮನಸ್ಸು ಮಾಡದೆ ನಿಂತಿತು, ಆಮೇಲೆ ನಿಧಾನವಾಗಿ ಒಳಗೆ ಉರುಳಿತು.

ಅಲ್ಲಿಗೆ ಆಟ ಮುಗಿಯಿತು, ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಈಚೆ ದಡದವರು ಸೇತುವೆಯ ಮೇಲೆ ಬರುವಷ್ಟು ತಾಳ್ಮೆ ಇಲ್ಲದೆ ಹೊಳೆಗೇ ಇಳಿದುಬಿಟ್ಟರು. ಕ್ಷೌರಿಕ ಈಜಿ ಬಂದ. ದರ್ಜಿಗೆ ಈಜು ಬರುತ್ತಿರಲಿಲ್ಲ, ಕ್ಷೌರಿಕನ ಹೆಗಲು ಹಿಡಿದು ಬಂದ. ನನ್ನ ಅಪ್ಪ ಸೊಂಟದ ಮಟ್ಟ ನೀರಿನಲ್ಲಿ ನಿಂತು ಸಿಕ್ಕಷ್ಟು ಬಿಳಿ ಪಟ್ಟಿಗಳನ್ನು ಬಾಚಿ ಬಾಚಿ ಎತ್ತುತ್ತಿದ್ದ. ಓಟಗಾತಿಯನ್ನು ಹೆಗಲ ಮೇಲೆ ಹೊತ್ತರು. ಕಾವಲಕ್ಕನನ್ನು ಹೊರಲು ಬಂದವರು ಅವಳ ಮುಂದೆ ನಿಂತು ತಲೆ ತಗ್ಗಿಸಿದರು. ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಕೂಗಿ ಕೂಗಿ ಅವಳ ದನಿ ಪೂರ್ತಿ ಹೋಗಿತ್ತು. ಅವಳು ಸದ್ದಿಲ್ಲದೆ, ಮೈಯೆಲ್ಲ ಕುಲುಕುವ ಹಾಗೆ ನಕ್ಕಳು. ಅವರು ಅವಳನ್ನು ಎತ್ತಿಕೊಂಡರು.

ಎಡಗಾಲಿ ಗುಂಪು ಸರಿಸಿಕೊಂಡು ಬಂದಳು.

"ನೀನೇ ಹೇಳಿಕೊಟ್ಟದ್ದು ತಾನೇ?" ಎಂದಳು, ಮೇಲೆ ನೋಡುತ್ತಾ. "ಏನು ಮಾಡ್ತೀನಿ ನಾನು? ಯಾವುದರಿಂದ ಗೊತ್ತಾಗುತ್ತೆ?"

ಕಾವಲಕ್ಕ ಹೆಗಲುಗಳ ಮೇಲಿಂದಲೇ ತನ್ನ ಎಡಗೈ ಎತ್ತಿ ಮುಷ್ಟಿ ಮಾಡಿ ತೋರಿಸಿದಳು.

ಎಡಗಾಲಿ ತನ್ನ ಕೈಯನ್ನು ನೋಡಿಕೊಂಡಳು. ಮುಷ್ಟಿ ಬಿಗಿದಿತ್ತು. "ಅಯ್ಯೋ ನನ್ನ ಕೈಯೇ," ಎಂದು ಅದಕ್ಕೆ ಇನ್ನೊಂದು ಕೈಯಿಂದ ಏಟು ಕೊಟ್ಟು ನಕ್ಕುಬಿಟ್ಟಳು. "ಒಂಬತ್ತು ವರ್ಷ! ಬರೋ ವರ್ಷ ಇದಕ್ಕೊಂದು ಚೀಲ ಹೊಲಿಸ್ಕೊಂಡು ಬರ್ತೀನಿ, ನೋಡ್ತಿರು."

ಸೂರ್ಯ ಇಳಿಯುವ ಮೊದಲು ನಗಾರಿ ಸೇತುವೆ ದಾಟಿತು. ಎಂಟು ಜನ ಹೊತ್ತಿದ್ದರು. ಮೂರು ವರ್ಷ ಕಾದಿದ್ದ ಜೋಡಿ ಮನೆಯವರೆಗೂ ಹೋಗಲು ಒಪ್ಪಲಿಲ್ಲ. ಸೇತುವೆಯ ನಡುವಿನಲ್ಲೇ ತಾಳಿ ಕಟ್ಟಿಸಿದೆವು. ಮೊದಲ ಪೆಟ್ಟು ಬಿದ್ದಾಗ ಸೇತುವೆಯ ಹಲಗೆಗಳು ಕಾಲ ಕೆಳಗೆ ಕಂಪಿಸಿದವು. ಮದುಮಗಳು ಅತ್ತಳು, ಮದುಮಗ ಅವಳಿಗಿಂತ ಜೋರಾಗಿ ಅತ್ತ. ಅವ್ವ ಅಪ್ಪನ ಒದ್ದೆ ತಲೆಗೆ ಕೆಂಪು ಪಟ್ಟಿಯನ್ನು ಪೇಟದ ಹಾಗೆ ಸುತ್ತಿ, "ಈಗ ಚೆನ್ನಾಗಿ ಕಾಣ್ತೀರಿ," ಎಂದಳು.

ಮಾರನೆಯ ಬೆಳಿಗ್ಗೆ ಊರೆಲ್ಲ ದಣಿದು ಮಲಗಿತ್ತು. ನನಗೆ ನಿದ್ದೆ ಬೇಗ ಮುಗಿಯಿತು. ಕ್ಲಬ್ಬಿನ ಬಯಲಿಗೆ ಹೋದೆ. ನನಗಿಂತ ಮೊದಲೇ ಅಲ್ಲಿ ಇಬ್ಬರಿದ್ದರು. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಇಬ್ಬರೂ ಬರಿಗಾಲಿನಲ್ಲಿದ್ದರು.

ಕಾವಲಕ್ಕ ಓಟಗಾತಿಯ ಕೈ ಹಿಡಿದುಕೊಂಡು ಗೆರೆಯ ಆ ತುದಿಯನ್ನು ತೋರಿಸುತ್ತಿದ್ದಳು. ಆಮೇಲೆ ತನ್ನ ಕಾಲು ತೋರಿಸಿದಳು. ಆಮೇಲೆ ಮತ್ತೆ ಆ ತುದಿ ತೋರಿಸಿದಳು.

"ಏನಕ್ಕಾ? ನನಗೆ ಗೊತ್ತಾಗ್ತಿಲ್ಲ," ಎಂದಳು ಓಟಗಾತಿ. ನಿನ್ನೆಯ ಆಟಕ್ಕೆ ಅವಳ ಮೈ ನೋಯುತ್ತಿತ್ತು, ಕಣ್ಣಿನಲ್ಲಿ ಇನ್ನೂ ನಿದ್ದೆ ಇತ್ತು.

ಕಾವಲಕ್ಕ ಗಂಟಲು ಹಿಂಡಿ ಒಂದಿಷ್ಟು ದನಿ ತೆಗೆದಳು.

"ಓಡೋದು ಹೇಳಿಕೊಡು."

ಓಟಗಾತಿಯ ನಿದ್ದೆ ಹಾರಿಹೋಯಿತು. ಅವಳು ಕಾವಲಕ್ಕನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ನಗಲಿಲ್ಲ. ಹಿಂದೆ ಹೋಗಿ ನಿಂತು ಅವಳ ಎರಡೂ ಹೆಗಲುಗಳನ್ನು ಹಿಡಿದು ಕೆಳಗೆ ಒತ್ತಿದಳು.

"ಮೊದಲು ಇವನ್ನ ಸಡಿಲ ಬಿಡು. ಯಾರೂ ನಿನ್ನ ದಾಟ್ತಿಲ್ಲ ಇಲ್ಲಿ. ಹಿಮ್ಮಡಿ ಊರಬೇಡ, ಬೆರಳಿನ ಮೇಲೆ ಬಾ. ಎದುರು ನೋಡು, ಕಾಲು ನೋಡಬೇಡ. ಹೂಂ, ಹೊರಡು."

ಕಾವಲಕ್ಕ ಹೊರಟಳು. ಹತ್ತು ಹೆಜ್ಜೆಗೆ ಹೆಗಲು ಮತ್ತೆ ಬಿಗಿಯಿತು. ನಡುಗೆರೆಯ ಹತ್ತಿರ ಉಸಿರು ಕಟ್ಟಿ ನಿಂತಳು. ಹಿಂದಕ್ಕೆ ಬಂದಳು. ಎರಡನೆಯ ಸಲ ನಡುಗೆರೆ ದಾಟಿದಳು. ಮೂರನೆಯ ಸಲ ಇಬ್ಬನಿಯಲ್ಲಿ ಜಾರಿ, ಮೊಣಕಾಲು ಹಸಿರು ಮಾಡಿಕೊಂಡು ಎದ್ದಳು.

ವಸ್ತಾದಮ್ಮ ಕೋಲೂರಿಕೊಂಡು ನನ್ನ ಪಕ್ಕ ಬಂದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯಲಿಲ್ಲ.

"ಬರೋ ವರ್ಷ ನನ್ನ ಗತಿ ಏನೇ?" ಎಂದು ನನ್ನನ್ನು ಕೇಳಿದಳು. ಅವಳ ಮುಖ ಅರಳಿಹೋಗಿತ್ತು.

ನಾಲ್ಕನೆಯ ಸಲ ಕಾವಲಕ್ಕ ತುದಿಯವರೆಗೂ ಓಡಿದಳು. ಓಟಗಾತಿ ಅವಳ ಪಕ್ಕದಲ್ಲೇ ಓಡುತ್ತಾ, "ಹೆಗಲು ಅಕ್ಕಾ, ಹೆಗಲು!" ಎನ್ನುತ್ತಿದ್ದಳು. ತುದಿಯ ಬಾವುಟದ ಕೋಲನ್ನು ಹಿಡಿದುಕೊಂಡು ಕಾವಲಕ್ಕ ಬಗ್ಗಿ ನಿಂತಳು. ಬೆನ್ನು ಏರಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ತಾನು ಓಡಿ ಬಂದ ದಾರಿಯನ್ನು ಈ ತುದಿಯವರೆಗೂ ನೋಡಿದಳು. ಇಬ್ಬನಿಯಲ್ಲಿ ಅವಳ ಹೆಜ್ಜೆಗಳು ಸಾಲಾಗಿ ಕಪ್ಪಗೆ ಕಾಣುತ್ತಿದ್ದವು.

ಬಾಯಿ ತೆರೆದು ಏನೋ ಅಂದಳು. ನನಗೆ ಕೇಳಿಸಲಿಲ್ಲ. ಓಟಗಾತಿ ನಮ್ಮ ಕಡೆ ತಿರುಗಿ, ಎರಡೂ ಕೈಗಳನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಕೂಗಿ ಹೇಳಿದಳು.

"ಇನ್ನೊಂದ್ಸಲ ಅಂತೆ!"